ನೀರನ್ನೂ ಸ್ಪರ್ಧೆಗೆ ಇಳಿಸಿ

ಕಾರ್ಪೆಟ್ ಕ್ಲೀನರ್‌ಗಳ ಜಾಹೀರಾತು ನೋಡಿದ್ದೀರಲ್ಲ? ಹಾಸಿನ ನಡುವೆ ಒಂದು ಗೆರೆ. ಎಡಕ್ಕೆ ಚೆಲ್ಲಿದ ಕಾಫಿಯ ಕಂದು ಕಲೆ, ಬಲಕ್ಕೆ ಅಂಗಡಿಯಿಂದ ಈಗಷ್ಟೇ ತಂದಂಥ ಬಿಳುಪು. ಬಲಭಾಗಕ್ಕೆ ಬಾಟಲಿಯ ದ್ರವ ಚಿಮುಕಿಸಿ ತಿಕ್ಕಿದ್ದಾರೆ. ಎಡಭಾಗವನ್ನು ಮುಟ್ಟಿಯೇ ಇಲ್ಲ. ನೋಡಿದವರು ಬಾಟಲಿಯ ಗುಣಕ್ಕೆ ತಲೆದೂಗುತ್ತಾರೆ. ಆದರೆ ಆ ಚಿತ್ರ ತೋರಿಸುತ್ತಿರುವುದು ತಿಕ್ಕಿದ ಜಾಗಕ್ಕೂ ತಿಕ್ಕದೆ ಬಿಟ್ಟ ಜಾಗಕ್ಕೂ ಇರುವ ವ್ಯತ್ಯಾಸವನ್ನು. ಎಡಭಾಗವನ್ನೂ ಅಷ್ಟೇ ಹೊತ್ತು, ಅಷ್ಟೇ ಬಲ ಹಾಕಿ, ಬರೀ ನಲ್ಲಿ ನೀರಿನಲ್ಲಿ ತಿಕ್ಕಿದ್ದರೆ ಏನಾಗುತ್ತಿತ್ತು? ಜಾಹೀರಾತು ಮಾಡಿದವರಿಗೆ ಆ ಉತ್ತರ ಬೇಕಾಗಿಲ್ಲ. ದುಡ್ಡು ಕೊಡುವ ನಮಗೆ ಬೇಕು.

ಜರ್ಮನಿಯ ಹೆಂಕೆಲ್ ಕಂಪನಿಯಲ್ಲಿದ್ದ ಹರ್ಬರ್ಟ್ ಸಿನ್ನರ್ 1959ರಲ್ಲಿ ಕೊಳೆ ತೆಗೆಯುವ ಕೆಲಸವನ್ನು ನಾಲ್ಕು ಪಾಲು ಮಾಡಿ ಒಂದು ವೃತ್ತದಲ್ಲಿ ಬರೆದು ತೋರಿಸಿದರು: ರಾಸಾಯನಿಕ, ತಿಕ್ಕುವ ಬಲ, ಬಿಸಿ, ಸಮಯ. ಒಂದನ್ನು ಕಡಿಮೆ ಮಾಡಿದರೆ ಉಳಿದವು ಹಿಗ್ಗಬೇಕು. ನದಿ ದಂಡೆಯ ಮಡಿವಾಳರಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿರಲಿಲ್ಲ. ಸವಳು ಕಡಿಮೆಯಿದ್ದ ದಿನ ಕಲ್ಲಿನ ಮೇಲೆ ಎರಡು ಏಟು ಜಾಸ್ತಿ. ಬಾಟಲಿ ಮಾರುವವರು ಮಾತ್ರ ನಾಲ್ಕೂ ಪಾಲಿನ ಕೀರ್ತಿಯನ್ನು ರಾಸಾಯನಿಕದ ಖಾತೆಗೇ ಹಾಕುತ್ತಾರೆ. ಅದರ ಪಾಲನ್ನು ಬೇರೆ ಮಾಡಿ ನೋಡಬೇಕೆಂದರೆ ಒಂದೇ ದಾರಿ: ಯಾವ ಬಾಟಲಿಯನ್ನು ಪರೀಕ್ಷಿಸಿದರೂ ಪಕ್ಕದಲ್ಲೇ ನೀರನ್ನೂ ಸ್ಪರ್ಧೆಗೆ ಇಳಿಸುವುದು. ಬಲ, ಬಿಸಿ, ಸಮಯ ಇಬ್ಬರಿಗೂ ಸಮ.

ಮೊದಲು ಧೂಳು

ಬಾಟಲಿಯ ಮುಚ್ಚಳ ತೆಗೆಯುವ ಮೊದಲು ಒಣ ಕೊಳೆಯ ವಿಷಯ ಮುಗಿಸಿಬಿಡೋಣ. ಹಾಸಿನಲ್ಲಿರುವ ಕೊಳೆಯಲ್ಲಿ ಹೆಚ್ಚಿನದು ಮಣ್ಣು, ಮರಳಿನ ಕಣ, ನೂಲಿನ ಚೂರು, ನಮ್ಮದೇ ಚರ್ಮದ ಪುಡಿ. ಇವು ನೀರಿನಲ್ಲೂ ಕರಗುವುದಿಲ್ಲ, ಸೋಪಿನಲ್ಲೂ ಕರಗುವುದಿಲ್ಲ. ಒದ್ದೆ ಮಾಡಿದರೆ ಕೆಸರಾಗಿ ನೂಲಿನ ಬುಡಕ್ಕೆ ಇಳಿಯುತ್ತವೆ.

1901ರಲ್ಲಿ ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್, ಗಾಳಿ ಊದಿ ಧೂಳು ಎಬ್ಬಿಸುವ ಯಂತ್ರವೊಂದರ ಪ್ರದರ್ಶನ ನೋಡಿದರು. ಎದ್ದ ಧೂಳು ತಿರುಗಿ ಅಲ್ಲೇ ಕೂರುತ್ತಿತ್ತು. ಊದುವ ಬದಲು ಹೀರಿದರೆ ಹೇಗೆ ಎಂಬ ಯೋಚನೆ ಬಂದಾಗ ಅವರು ಮಾಡಿದ ಪರೀಕ್ಷೆಗೆ ಖರ್ಚು ಸೊನ್ನೆ. ಹೋಟೆಲಿನ ಕುರ್ಚಿಯ ಮೆತ್ತೆಯ ಮೇಲೆ ಕರವಸ್ತ್ರ ಹಾಸಿ, ಅದಕ್ಕೆ ಬಾಯಿಟ್ಟು ಜೋರಾಗಿ ಹೀರಿದರು. ಮಗುಚಿ ನೋಡಿದರೆ ಕೆಳಮೈಯಲ್ಲಿ ಕೊಳೆಯ ಗುರುತು. ಆಮೇಲೆ ಅವರು ಕಟ್ಟಿದ ಯಂತ್ರ ಕುದುರೆಗಾಡಿಯ ಮೇಲೆ ಬೀದಿಯಲ್ಲೇ ನಿಂತು, ಕಿಟಕಿಯೊಳಗೆ ಉದ್ದನೆಯ ಕೊಳವೆ ತೂರಿಸಿ ಧೂಳು ಹೀರುತ್ತಿತ್ತು. 1902ರಲ್ಲಿ ಏಳನೇ ಎಡ್ವರ್ಡರ ಪಟ್ಟಾಭಿಷೇಕಕ್ಕೆ ಮುಂಚೆ ವೆಸ್ಟ್‌ಮಿನ್‌ಸ್ಟರ್ ಅಬೆಯ ರತ್ನಗಂಬಳಿಗೂ ಇದೇ ಸೇವೆ ಸಂದಿತು.

ಬೂತ್ ಅವರ ಪರೀಕ್ಷೆ ಈಗಲೂ ಕೆಲಸಕ್ಕೆ ಬರುತ್ತದೆ. ಬಾಯಿ ಬೇಡ, ವ್ಯಾಕ್ಯೂಮ್ ಕ್ಲೀನರ್ ಸಾಕು. ಕೊಳವೆಯ ಮೂತಿಗೆ ತೆಳು ಬಿಳಿ ಬಟ್ಟೆ ಕಟ್ಟಿ, ಹಾಸಿನ ಒಂದೇ ಜಾಗದಲ್ಲಿ ಇಪ್ಪತ್ತು ಎಣಿಸುವವರೆಗೆ ಹಿಡಿಯಿರಿ. ಪೊರಕೆಯಿಂದ ಗುಡಿಸಿದ ಜಾಗ, ಬಿಸಿಲಲ್ಲಿ ಹಗ್ಗಕ್ಕೆ ಹಾಕಿ ಕೋಲಿನಿಂದ ಬಡಿದ ಜಾಗ, ಒಮ್ಮೆ ಯಂತ್ರ ಓಡಿಸಿದ ಜಾಗ, ನಾಲ್ಕು ಬಾರಿ ಓಡಿಸಿದ ಜಾಗ - ಒಂದೊಂದಕ್ಕೂ ಒಂದು ಬಟ್ಟೆ. ಗೋಡೆಗೆ ಸಾಲಾಗಿ ಅಂಟಿಸಿ ನೋಡಿದರೆ ನಿಮ್ಮ ನೆಲಹಾಸಿಗೆ ಯಾವ ವಿಧಾನ ಹಿಡಿಸುತ್ತದೆಂದು ಅಲ್ಲೇ ಗೊತ್ತಾಗುತ್ತದೆ. ನವಲಗುಂದದ ಹತ್ತಿ ಜಮಖಾನದಲ್ಲಿ ಎದ್ದು ನಿಂತ ನೂಲಿನ ಜುಂಗಿಲ್ಲ, ನೇಯ್ಗೆ ಮಟ್ಟಸ. ಅದಕ್ಕೆ ಬಡಿತವೇ ಸಾಕಾಗುವ ಸಂಭವ ಹೆಚ್ಚು. ಜುಂಗು ಉದ್ದವಿದ್ದ ಕಾರ್ಪೆಟ್ಟಿಗೆ ಬಡಿತ ಸಾಲದು.

ಮಲೆನಾಡು, ಕರಾವಳಿಯ ಕೆಂಪು ಮಣ್ಣಿಗೆ ಒಂದು ಮಾತು. ಆ ಕೆಂಪು ಕಬ್ಬಿಣದ ಆಕ್ಸೈಡಿನದು, ಅಂದರೆ ತುಕ್ಕಿನ ಸೋದರ. ಅದರ ಕಣ ಬಹಳ ನುಣುಪು. ಮಳೆಗಾಲದಲ್ಲಿ ಕಾಲಿಗಂಟಿ ಬಂದ ಕೆಸರನ್ನು ಹಸಿಯಾಗಿರುವಾಗ ಒರೆಸಿದಷ್ಟೂ ಹರಡುತ್ತದೆ. ಪೂರ್ತಿ ಒಣಗಲು ಬಿಟ್ಟು, ಬ್ರಷ್ಷಿನಿಂದ ಪುಡಿ ಉದುರಿಸಿ, ಆಮೇಲೆ ಹೀರುವುದು ಮೇಲು. ಅವಸರದವರಿಗೆ ಇದು ಹಿಡಿಸುವುದಿಲ್ಲ.

ಎಂಟು ತುಂಡು, ಒಂದು ಚೀಟಿ

ಪರೀಕ್ಷೆಯನ್ನು ಮನೆಯ ಒಳ್ಳೆಯ ಹಾಸಿನ ನಟ್ಟನಡುವೆ ಶುರು ಮಾಡಬೇಡಿ. ಕಾರ್ಪೆಟ್ ಹಾಕಿಸಿದಾಗ ಮೂಲೆಯಲ್ಲಿ ಕತ್ತರಿಸಿ ಉಳಿಸಿದ ಚೂರಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲದಿದ್ದರೆ ಅಂಗಡಿಯವರು ತುಂಡು ಮಾಲು ಕೊಡುತ್ತಾರೆ. ಉಣ್ಣೆಯ ಮಾದರಿಗೆ ಹಳೆಯ ಕಂಬಳಿಯ ತುಂಡೂ ಆಗುತ್ತದೆ, ಆದರೆ ಕೈಮಗ್ಗದ ಕಂಬಳಿಯ ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ; ಮೊದಲೇ ಒಮ್ಮೆ ತೊಳೆದು ಒಣಗಿಸಿಕೊಳ್ಳಿ.

ನೂಲು ಯಾವುದೆಂದು ತಿಳಿಯಲು ಒಂದು ಎಳೆ ಕಿತ್ತು, ಸೋಪಿನ ಹನಿ ಬೆರೆಸಿದ ನೀರಿನ ಲೋಟದಲ್ಲಿ ಬೆರಳಿನಿಂದ ಅದ್ದಿ ಬಿಡಿ. ಗಾಳಿಗುಳ್ಳೆಯೆಲ್ಲ ಬಿಟ್ಟ ಮೇಲೂ ತೇಲಿದರೆ ಅದು ಪಾಲಿಪ್ರೊಪಿಲೀನ್. ಅದರ ಸಾಂದ್ರತೆ ನೀರಿಗಿಂತ ಕಡಿಮೆ, ಸುಮಾರು 0.91. ನೈಲಾನ್, ಉಣ್ಣೆ, ಪಾಲಿಯೆಸ್ಟರ್, ಹತ್ತಿ ಎಲ್ಲವೂ ಮುಳುಗುತ್ತವೆ. ಮುಳುಗಿದ್ದನ್ನು ಒಣಗಿಸಿ, ಚಿಮಟದಲ್ಲಿ ಹಿಡಿದು ಉರಿಗೆ ತೋರಿಸಿ. ಕೂದಲು ಸುಟ್ಟ ವಾಸನೆ ಬಂದು ಕರಿ ಪುಡಿಯಾದರೆ ಉಣ್ಣೆ. ಕಾಗದ ಸುಟ್ಟ ವಾಸನೆ, ಹಗುರ ಬೂದಿ ಎಂದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ನೈಲಾನ್ ಅಥವಾ ಪಾಲಿಯೆಸ್ಟರ್. ಒಂದೇ ಎಳೆ, ಸಿಂಕಿನ ಮೇಲೆ, ಪಕ್ಕದಲ್ಲಿ ನೀರು ಇಟ್ಟುಕೊಂಡು.

ಕಲೆ ಹಾಕುವುದರಲ್ಲಿಯೇ ಹೆಚ್ಚಿನ ಪರೀಕ್ಷೆಗಳು ಕೆಡುತ್ತವೆ. ಒಂದು ತುಂಡಿಗೆ ಚಮಚದ ತುಂಬ, ಇನ್ನೊಂದಕ್ಕೆ ಮುಕ್ಕಾಲು ಬಿದ್ದಿರುತ್ತದೆ. ಮಕ್ಕಳ ಔಷಧಿಯ ಜೊತೆ ಬರುವ, ಸೂಜಿಯಿಲ್ಲದ ಪಿಚಕಾರಿಯಲ್ಲಿ ಅಳೆದು ಎಲ್ಲಕ್ಕೂ ಎರಡೆರಡು ಮಿಲಿಲೀಟರ್ ಹಾಕಿ. ಒಂದು ದಿನ ಒಣಗಲಿ. ತಾಜಾ ಕಲೆಯ ಪರೀಕ್ಷೆ ಬೇರೆಯೇ ಮಾಡಿ. ಆಮೇಲೆ ತಿಕ್ಕುವ ಮಾತು. ದುಬಾರಿ ಬಾಟಲಿಯ ದ್ರವ ಹಾಕಿದ ತುಂಡನ್ನು ಕೈ ತಾನಾಗಿಯೇ ಜೋರಾಗಿ ಉಜ್ಜುತ್ತದೆ, ಮನಸ್ಸಿಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಉಜ್ಜುವುದೇ ಬೇಡ. ದ್ರವ ಹಾಕಿ ಐದು ನಿಮಿಷ ಬಿಟ್ಟು, ಮಡಿಸಿದ ಬಿಳಿ ಬಟ್ಟೆ ಇಟ್ಟು, ಅದರ ಮೇಲೆ ನೀರು ತುಂಬಿದ ಒಂದು ಲೀಟರಿನ ಬಾಟಲಿ ನಿಲ್ಲಿಸಿ. ಒಂದು ಕಿಲೋ ಭಾರ, ಎಲ್ಲ ತುಂಡಿಗೂ ಅಷ್ಟೇ. ಬಟ್ಟೆ ಬದಲಿಸಿ ಮೂರು ಸಲ ಹೀಗೇ.

ಇನ್ನು ತೀರ್ಪು. ಇದಕ್ಕೆ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಒಂದು ಚಹಾದ ಸಮಯವನ್ನು ಸಾಲ ತರಬೇಕು. ಅಲ್ಲಿ 1920ರ ದಶಕದಲ್ಲಿ ಪಾಚಿಗಳ ತಜ್ಞೆ ಮ್ಯೂರಿಯಲ್ ಬ್ರಿಸ್ಟಲ್, ಬಟ್ಟಲಿಗೆ ಹಾಲು ಮೊದಲು ಹಾಕಿದ್ದೋ ಚಹಾ ಮೊದಲು ಹಾಕಿದ್ದೋ ಎಂದು ರುಚಿ ನೋಡಿ ಹೇಳಬಲ್ಲೆ ಎಂದರು. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಅದನ್ನು ನಕ್ಕು ಬಿಡಲಿಲ್ಲ. 1935ರ ತಮ್ಮ ‘ದಿ ಡಿಸೈನ್ ಆಫ್ ಎಕ್ಸ್‌ಪೆರಿಮೆಂಟ್ಸ್’ ಪುಸ್ತಕದಲ್ಲಿ, ಆಕೆಯ ಹೆಸರು ಹೇಳದೆ, ಇದನ್ನೇ ಮಾದರಿ ಪ್ರಯೋಗವಾಗಿ ಬಿಡಿಸಿಟ್ಟರು. ಎಂಟು ಬಟ್ಟಲು, ನಾಲ್ಕು ಹಾಗೆ, ನಾಲ್ಕು ಹೀಗೆ, ಕೊಡುವ ಕ್ರಮ ಅದೃಷ್ಟದ ಪಾಲು. ರುಚಿಯೇ ಗೊತ್ತಾಗದವರು ಸುಮ್ಮನೆ ಊಹಿಸಿ ನಾಲ್ಕಕ್ಕೆ ನಾಲ್ಕೂ ಸರಿ ಹೇಳುವ ಸಂಭವ 70ರಲ್ಲಿ 1.

ಬಟ್ಟಲಿನ ಜಾಗದಲ್ಲಿ ಕಾರ್ಪೆಟ್ ತುಂಡು ಇಡಿ. ಒಂದೇ ಥರ ಕಲೆ ಹಾಕಿದ ಎಂಟು ತುಂಡುಗಳ ಬೆನ್ನಿಗೆ ನಂಬರು ಬರೆದು, ಚೀಟಿ ಎತ್ತಿ ನಾಲ್ಕಕ್ಕೆ ಬಾಟಲಿಯ ದ್ರವ, ನಾಲ್ಕಕ್ಕೆ ನೀರು. ಒಣಗಿ ವಾಸನೆ ಹೋದ ಮೇಲೆ, ಯಾವುದಕ್ಕೆ ಏನು ಹಾಕಿದ್ದೀರೆಂದು ಗೊತ್ತಿಲ್ಲದವರನ್ನು ಕರೆದು ‘ಹೆಚ್ಚು ಶುಚಿಯಾದ ನಾಲ್ಕನ್ನು ಆರಿಸಿ’ ಎನ್ನಿ. ನಾಲ್ಕೂ ಬಾಟಲಿಯವೇ ಆದರೆ ಬಾಟಲಿಯಲ್ಲಿ ಏನೋ ಇದೆ. ಮೂರು ಸರಿಯಾದರೆ? ಗೆದ್ದಂತೆ ಕಾಣುತ್ತದೆ, ಆದರೆ ಲೆಕ್ಕ ಹಾಕಿ: ಎಂಟರಲ್ಲಿ ನಾಲ್ಕನ್ನು ಆರಿಸುವ 70 ದಾರಿಗಳಲ್ಲಿ 16ರಲ್ಲಿ ಮೂರು ಸರಿಯಾಗುತ್ತವೆ, ಒಂದರಲ್ಲಿ ನಾಲ್ಕೂ. ಅಂದರೆ ಬಾಟಲಿಯಲ್ಲಿ ಬರೀ ಬಣ್ಣದ ನೀರಿದ್ದರೂ ಮೂರು ಅಥವಾ ಹೆಚ್ಚು ಸರಿಯಾಗುವ ಸಂಭವ 70ರಲ್ಲಿ 17, ಹೆಚ್ಚುಕಡಿಮೆ ನಾಲ್ಕಕ್ಕೆ ಒಂದು. ‘ನಾನು ಹಾಕಿ ನೋಡಿದೆ, ಎಷ್ಟು ಚೆನ್ನಾಗಿ ಹೋಯ್ತು ಗೊತ್ತಾ’ ಎಂದು ನೆರೆಮನೆಯವರು ಹೇಳುವುದು ಒಂದೇ ತುಂಡಿನ ಸಾಕ್ಷ್ಯ. ಅದರ ಬೆಲೆ ಇದಕ್ಕಿಂತಲೂ ಕಡಿಮೆ.

ಮೊಬೈಲಿನಲ್ಲಿ ಮೊದಲಿನದೊಂದು, ಆಮೇಲಿನದೊಂದು ಫೋಟೊ ತೆಗೆದು ಹೋಲಿಸುವವರಿಗೆ ಒಂದು ಎಚ್ಚರ. ಕ್ಯಾಮೆರಾ ಪ್ರತಿ ಸಲವೂ ಬೆಳಕನ್ನು, ಬಿಳುಪನ್ನು ತನಗೆ ತೋಚಿದಂತೆ ತಿದ್ದಿಕೊಳ್ಳುತ್ತದೆ. ಎಂಟೂ ತುಂಡುಗಳು, ಜೊತೆಗೊಂದು ಕಲೆಯಿಲ್ಲದ ತುಂಡು ಒಂದೇ ಚಿತ್ರದಲ್ಲಿ ಇರಲಿ. ಜವಳಿ ಪ್ರಯೋಗಾಲಯಗಳಲ್ಲಿ ಬೂದು ಬಣ್ಣದ ಜೋಡಿಗಳ ಅಳತೆಪಟ್ಟಿ ಇಟ್ಟುಕೊಂಡು ಕಲೆಗೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಕಲೆಯೇ ಇಲ್ಲದ್ದಕ್ಕೆ 5. ನೀವೂ ಅಂಕ ಕೊಡಬಹುದು, ಆದರೆ ಕೊಡುವವರಿಗೆ ನಂಬರು ಮಾತ್ರ ಕಾಣಬೇಕು.

ಕಾಫಿಯ ಡಿಕಾಕ್ಷನ್‌ನಿಂದ ಶುರು ಮಾಡಿದರೆ ನೀರು ಸ್ಪರ್ಧೆಯಲ್ಲಿ ಎಷ್ಟು ಬಲವಾದ ಆಳು ಎಂಬುದು ಕಾಣುತ್ತದೆ. ಕಾಫಿಪುಡಿಯಿಂದ ನೀರೇ ಬಸಿದು ತಂದ ಬಣ್ಣ ಅದು. ತಾಜಾ ಇರುವಾಗ ನೀರೇ ಅದರ ಬಹುಪಾಲನ್ನು ಮತ್ತೆ ಹೊತ್ತು ಒಯ್ಯುತ್ತದೆ. ಹಾಲು ಸಕ್ಕರೆ ಬೆರೆತ ಕಾಫಿಯಲ್ಲಿ ಕಥೆ ತಿರುಗುತ್ತದೆ, ಏಕೆಂದರೆ ಹಾಲಿನ ಪ್ರೋಟೀನು, ಕೊಬ್ಬು ನೂಲಿಗೆ ಕಚ್ಚಿಕೊಳ್ಳುತ್ತವೆ. ಒಗ್ಗರಣೆ ಬಿದ್ದ ಸಾರಿನ ಮುಂದೆ ನೀರು ಸೋಲುವುದು ಖಚಿತ. ಇಲ್ಲಿ ಬೇಕಾಗುವುದು ಒಂದು ತುದಿಯಲ್ಲಿ ಎಣ್ಣೆಯನ್ನೂ ಇನ್ನೊಂದು ತುದಿಯಲ್ಲಿ ನೀರನ್ನೂ ಹಿಡಿಯುವ ಅಣುಗಳು. ಸೋಪಿನಲ್ಲಿ, ಪಾತ್ರೆ ತೊಳೆಯುವ ದ್ರವದಲ್ಲಿ, ಅಂಟುವಾಳದ ಕಾಯಿಯಲ್ಲಿ ಇರುವುದು ಇಂಥವೇ. ಅವು ಎಣ್ಣೆಯ ಹನಿಯನ್ನು ಸುತ್ತುವರಿದು, ನೀರಿಗೆ ಮುಖ ಮಾಡಿ ನಿಂತು, ಅದನ್ನು ನೂಲಿನಿಂದ ಎಬ್ಬಿಸುತ್ತವೆ. ಆದ್ದರಿಂದ ಎಣ್ಣೆ ಕಲೆಯ ಸುತ್ತಿನಲ್ಲಿ ನೀರಿನ ಜೊತೆ ಇನ್ನಿಬ್ಬರನ್ನು ನಿಲ್ಲಿಸಿ: ಲೋಟ ನೀರಿಗೆ ಕಾಲು ಚಮಚ ಪಾತ್ರೆ ತೊಳೆಯುವ ದ್ರವ, ಮತ್ತು ಅಂಟುವಾಳ ನೆನೆಸಿ ಸೋಸಿದ ನೀರು. ದುಬಾರಿ ಬಾಟಲಿ ಇವರಿಬ್ಬರನ್ನೂ ಸೋಲಿಸಿದರೆ ಮಾತ್ರ ಬೆಲೆಗೆ ಅರ್ಥ. ಅಂಟುವಾಳದ ನೀರಿಗೆ ತನ್ನದೇ ಕಂದು ಬಣ್ಣವಿದೆ. ತಿಳಿ ಬಣ್ಣದ ಉಣ್ಣೆಯಾದರೆ ಕಲೆಯಿಲ್ಲದ ತುಂಡಿನ ಮೇಲೂ ಹಾಕಿ ನೋಡಿ.

ಅರಿಶಿನದ ಕಥೆ ಬೇರೆ

ಕಾರ್ಪೆಟ್ ಕ್ಲೀನರ್‌ಗಳ ಲೇಬಲ್ಲಿನಲ್ಲಿ ಕೆಂಪು ವೈನಿನ ಕಲೆಗೆ ಕೊಟ್ಟಷ್ಟು ಜಾಗ ಅರಿಶಿನಕ್ಕೆ ಸಿಗುವುದಿಲ್ಲ. ನಮ್ಮ ಮನೆಗಳಲ್ಲಿ ಚೆಲ್ಲುವುದು ವೈನಲ್ಲ.

ಅರಿಶಿನದ ಬಣ್ಣಕ್ಕೆ ಕಾರಣ ಕರ್ಕ್ಯುಮಿನ್. ಅದು ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಎಣ್ಣೆಯಲ್ಲಿ, ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಸಾಲದ್ದಕ್ಕೆ ಕ್ಷಾರ ತಗುಲಿದರೆ ಹಳದಿಯಿಂದ ಕೆಂಪಿಗೆ ತಿರುಗುತ್ತದೆ. ಆರತಿಯ ಓಕುಳಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿದಾಗ ಆಗುವುದು ಇದೇ. ಸಾರಿನ ಕಲೆಗೆ ಬಟ್ಟೆ ಸೋಪು ಹಚ್ಚಿದವರು ರಕ್ತದಂಥ ಕೆಂಪು ಕಂಡು ಗಾಬರಿಯಾಗುತ್ತಾರೆ. ಕಲೆ ಬೆಳೆದಿಲ್ಲ, ವೇಷ ಬದಲಿಸಿದೆ ಅಷ್ಟೆ. ನಿಂಬೆರಸದ ಹನಿ ಬಿದ್ದರೆ ತಿರುಗಿ ಹಳದಿ. ಬಣ್ಣ ಬದಲಾಯಿತೆಂದು ಬಾಟಲಿಗೆ ಅಂಕ ಕಳೆಯಲೂ ಬೇಡಿ, ಕೊಡಲೂ ಬೇಡಿ. ನೀರಿನಲ್ಲಿ ಜಾಲಿಸಿ, ಒಣಗಿದ ಮೇಲೆ ನೋಡಿ.

ಅರಿಶಿನ ಸೋಲುವುದು ಬಿಸಿಲಿಗೆ. ಬೆಳಕು ಕರ್ಕ್ಯುಮಿನ್ ಅಣುವನ್ನೇ ಮುರಿದು ಬಣ್ಣಗೆಡಿಸುತ್ತದೆ. ಕಲೆಯಾದ ತುಂಡಿನ ಅರ್ಧಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿ ಟೆರೇಸಿನ ಮೇಲೆ ಇಡಿ. ಸಂಜೆ ಹಾಳೆ ಬಿಚ್ಚಿದಾಗ ಎರಡು ಅರ್ಧಗಳ ನಡುವಿನ ಗೆರೆ ಯಾವ ಜಾಹೀರಾತಿನ ಗೆರೆಗೂ ಸಾಟಿ. ಅರಿಶಿನದ ಮಟ್ಟಿಗೆ ಬಿಸಿಲನ್ನೂ ಒಬ್ಬ ಸ್ಪರ್ಧಿಯೆಂದು ದಾಖಲಿಸಿಕೊಳ್ಳುವುದು ನ್ಯಾಯ. ಆದರೆ ಬಿಸಿಲು ಕಾರ್ಪೆಟ್ಟಿನ ಸ್ವಂತ ಬಣ್ಣವನ್ನೂ ತಿನ್ನುತ್ತದೆ. ಕಲೆಯಿಲ್ಲದ ತುಂಡೊಂದು ಅರ್ಧ ಮುಚ್ಚಿಕೊಂಡು ಪಕ್ಕದಲ್ಲೇ ಬಿಸಿಲು ಕಾಯಲಿ.

ತೊಂದರೆ ಕೊಡುವ ಇದೇ ಗುಣವನ್ನು ಕೆಲಸಕ್ಕೂ ಹಚ್ಚಬಹುದು. ಅರಿಶಿನವನ್ನು ಸ್ಪಿರಿಟ್ಟಿನಲ್ಲಿ ಕಲಸಿ ಬಿಳಿ ಕಾಗದಕ್ಕೆ ಬಳಿದು ಒಣಗಿಸಿ. ಅದರ ಮೇಲೆ ಕ್ಲೀನರಿನ ಒಂದು ಹನಿ. ಕೆಂಪಾದರೆ ದ್ರವ ಕ್ಷಾರೀಯ, ಪಿಎಚ್ ಸುಮಾರು 8ಕ್ಕಿಂತ ಮೇಲೆ. ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಸಿದ ರಸ ಆಮ್ಲದ ಕಡೆಯ ಸುದ್ದಿಯನ್ನೂ ಹೇಳುತ್ತದೆ: ಆಮ್ಲಕ್ಕೆ ಗಾಢ ಗುಲಾಬಿ, ಕ್ಷಾರಕ್ಕೆ ಹಸಿರು. ನೈಲಾನ್ ಹಾಸಿನವರಿಗೆ ಈ ಫಲಿತಾಂಶ ಅಷ್ಟು ಮುಖ್ಯವಲ್ಲ. ಉಣ್ಣೆಯವರಿಗೆ ಮುಖ್ಯ. ಉಣ್ಣೆ ಎಂದರೆ ಕೆರಟಿನ್ ಎಂಬ ಪ್ರೋಟೀನು; ಅದರ ಎಳೆಗಳನ್ನು ಒಂದಕ್ಕೊಂದು ಬಿಗಿದಿರುವ ಗಂಧಕದ ಕೊಂಡಿಗಳನ್ನು ಕ್ಷಾರ ಬಿಚ್ಚುತ್ತದೆ. ಬ್ಲೀಚಿಂಗ್ ದ್ರವವಂತೂ ಉಣ್ಣೆಯನ್ನು ಕರಗಿಸಿಯೇ ಬಿಡುತ್ತದೆ. ನಂಬಿಕೆ ಬಾರದಿದ್ದರೆ ಗಾಜಿನ ಲೋಟದಲ್ಲಿ ಸ್ವಲ್ಪ ದ್ರವಕ್ಕೆ ಒಂದು ಉಣ್ಣೆ ಎಳೆ ಹಾಕಿ, ಕಿಟಕಿ ತೆರೆದಿಟ್ಟು, ಕೈಗವಸು ಹಾಕಿಕೊಂಡು ನೋಡಿ. ಎಳೆ ಗುಳ್ಳೆ ಬಿಡುತ್ತ ಕಾಣೆಯಾಗುತ್ತದೆ. ಒಂದು ಕಟ್ಟುನಿಟ್ಟಿನ ನಿಷೇಧ: ಬ್ಲೀಚಿಂಗ್ ದ್ರವದ ಜೊತೆ ವಿನೆಗರನ್ನಾಗಲಿ, ಟಾಯ್ಲೆಟ್ ತೊಳೆಯುವ ಆಮ್ಲವನ್ನಾಗಲಿ, ಅಮೋನಿಯಾ ಇರುವ ಕ್ಲೀನರನ್ನಾಗಲಿ ಎಂದೂ ಬೆರೆಸಕೂಡದು. ಮೊದಲೆರಡರಿಂದ ಕ್ಲೋರಿನ್, ಕೊನೆಯದರಿಂದ ಕ್ಲೋರಮೀನ್. ಎರಡೂ ಶ್ವಾಸಕೋಶ ಸುಡುವ ವಿಷಾನಿಲ.

ಮನೆಮದ್ದಿನ ವಿಷಯ ಬಂದರೆ ಅಡಿಗೆ ಸೋಡಾಕ್ಕೆ ವಿನೆಗರ್ ಸುರಿಯುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಬುಸ್ಸೆಂದು ನೊರೆ ಏಳುವುದು ನೋಡಲು ಚೆಂದ. ಲೆಕ್ಕ ಹಾಕಿದರೆ ಅಷ್ಟು ಚೆಂದವಿಲ್ಲ. ಒಂದು ಚಮಚ ಅಂದರೆ ಸುಮಾರು 5 ಗ್ರಾಂ ಸೋಡಾ, ಶೇಕಡಾ 4ರ ವಿನೆಗರ್ ಸುಮಾರು 90 ಮಿಲಿಲೀಟರಿನೊಂದಿಗೆ ಪೂರ್ತಿ ಮುಗಿದುಹೋಗುತ್ತದೆ. ಉಳಿಯುವುದು ನೀರು ಮತ್ತು ಸೋಡಿಯಂ ಅಸಿಟೇಟ್ ಎಂಬ ಉಪ್ಪು. ಸೋಡಾದ ಕ್ಷಾರವೂ ಇಲ್ಲ, ವಿನೆಗರಿನ ಆಮ್ಲವೂ ಇಲ್ಲ. ಬೇರೆ ಬೇರೆಯಾಗಿ ಹಾಕಿದ್ದರೆ ಎರಡಕ್ಕೂ ಒಂದೊಂದು ಕೆಲಸವಿತ್ತು: ಒಣ ಸೋಡಾ ವಾಸನೆಗೆ, ವಿನೆಗರ್ ಕ್ಷಾರದ ಉಳಿಕೆಗೆ. ಎಂಟು ತುಂಡುಗಳ ಪರೀಕ್ಷೆಗೆ ಇದನ್ನು ಹಾಕಿ. ನೀರಿನ ಮೇಲೆ ಅದು ಸ್ಪಷ್ಟವಾಗಿ ಗೆದ್ದರೆ ನನಗೆ ಆಶ್ಚರ್ಯವಾಗುತ್ತದೆ.

‘ಎನ್‌ಜೈಮ್ ಶಕ್ತಿ’ ಎಂದು ಬರೆದ ಬಾಟಲಿಗೆ ಬೇರೆ ಪರೀಕ್ಷೆ ಬೇಕು. ಕಿಣ್ವಗಳನ್ನು ಕೊಳೆಯ ಮೇಲೆ ಬಿಡುವ ಯೋಚನೆ ಹಳೆಯದು. ಜರ್ಮನಿಯ ಓಟೊ ರೋಮ್ ಪ್ರಾಣಿಗಳ ಮೇದೋಜೀರಕ ಗ್ರಂಥಿಯ ಸಾರ ಬಳಸಿ ಬಟ್ಟೆ ತೊಳೆಯುವ ವಿಧಾನಕ್ಕೆ 1913ರಲ್ಲೇ ಪೇಟೆಂಟಿಗೆ ಹೋಗಿದ್ದರು. ಈಗಿನ ಕಿಣ್ವಗಳು ಹೆಚ್ಚಾಗಿ ಬ್ಯಾಕ್ಟೀರಿಯಾಗಳಿಂದ ಬರುತ್ತವೆ. ಪ್ರೋಟೀನು ಕತ್ತರಿಸುವ ಕಿಣ್ವ ಬಾಟಲಿಯಲ್ಲಿ ಇನ್ನೂ ಜೀವಂತವಿದೆಯೇ? ಬೇಯಿಸಿದ ಮೊಟ್ಟೆಯ ಬಿಳಿಯನ್ನು ಕಾಳಿನಷ್ಟು ಚೂರು ಮಾಡಿ ಎರಡು ಲೋಟಕ್ಕೆ ಹಾಕಿ. ಒಂದಕ್ಕೆ ಕ್ಲೀನರ್ ಬೆರೆಸಿದ ಬೆಚ್ಚನೆ ನೀರು. ಇನ್ನೊಂದಕ್ಕೆ ಅದೇ ನೀರನ್ನು ಕುದಿಸಿ ಆರಿಸಿದ್ದು. ಕುದಿಸಿದರೆ ಕಿಣ್ವ ಸಾಯುತ್ತದೆ. ಸೋಪು, ಕ್ಷಾರ, ಸುಗಂಧ ಹೆಚ್ಚುಕಡಿಮೆ ಹಾಗೇ ಉಳಿಯುತ್ತವೆ. ಮರುದಿನ ಮೊದಲ ಲೋಟದ ಚೂರಿನ ಅಂಚು ಸವೆದು ಮೆತ್ತಗಾಗಿ, ಎರಡನೆಯದು ಚೂಪಾಗಿಯೇ ಇದ್ದರೆ ಕಿಣ್ವ ಕೆಲಸ ಮಾಡಿದೆ. ಈ ಇಡೀ ಅಧ್ಯಾಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಪರೀಕ್ಷೆ ಇದು. ಕುದಿಸಿದ ಲೋಟದಷ್ಟು ಪ್ರಾಮಾಣಿಕ ಎದುರಾಳಿ ಸಿಗುವುದು ಅಪರೂಪ. ಮೊಟ್ಟೆ ತರದ ಮನೆಯವರು ಜೆಲ್ಲಿ ಬಳಸೋಣವೆಂದರೆ ಅದರ ಜಿಲೆಟಿನ್ ಕೂಡ ಪ್ರಾಣಿಜನ್ಯವೇ. ಗಟ್ಟಿ ಪನೀರಿನ ಚೂರು ಹಾಕಿ ನೋಡಬಹುದು. ಗೆದ್ದ ಬಾಟಲಿಯನ್ನು ಉಣ್ಣೆ, ರೇಷ್ಮೆಯ ಹಾಸಿನಿಂದ ದೂರವಿಡಿ. ಅವೂ ಪ್ರೋಟೀನೇ, ಕಿಣ್ವಕ್ಕೆ ಭೇದ ಗೊತ್ತಿಲ್ಲ.

ಒಣಗಿದ ಮೇಲೆ

ಇಷ್ಟರವರೆಗಿನ ಪರೀಕ್ಷೆಗಳೆಲ್ಲ ಕಲೆ ಹೋಯಿತೇ ಎಂದು ಕೇಳುತ್ತವೆ. ಬಟ್ಟೆಯಾಗಿದ್ದರೆ ಅಷ್ಟು ಸಾಕಿತ್ತು, ಏಕೆಂದರೆ ಬಟ್ಟೆಯನ್ನು ಬಕೆಟ್ಟಿನಲ್ಲಿ ಮೂರು ನೀರಿಗೆ ಜಾಲಿಸುತ್ತೇವೆ. ಕಾರ್ಪೆಟ್ಟನ್ನು ಹಾಗೆ ಜಾಲಿಸಲು ಬರುವುದಿಲ್ಲ. ಹಾಕಿದ್ದರಲ್ಲಿ ಒಂದಿಷ್ಟು ಅಲ್ಲೇ ಉಳಿಯುತ್ತದೆ, ಮತ್ತು ಉಳಿದದ್ದು ಏನು ಮಾಡುತ್ತದೆ ಎಂಬುದರ ಮೇಲೆ ಬಾಟಲಿಯ ನಿಜವಾದ ಯೋಗ್ಯತೆ ನಿಂತಿದೆ. ನನ್ನ ಮಟ್ಟಿಗೆ ಕಲೆಯ ಪರೀಕ್ಷೆಗಿಂತ ಇದು ದೊಡ್ಡದು.

ಸ್ಟೀಲ್ ತಟ್ಟೆಯ ಮೇಲೆ ಒಂದೊಂದು ಬಾಟಲಿಯಿಂದ ಒಂದೊಂದು ಚಮಚ ಸುರಿದು, ಲೇಬಲ್ ಹೇಳಿದಷ್ಟೇ ನೀರು ಬೆರೆಸಿ, ಫ್ಯಾನಿನಡಿ ಎರಡು ದಿನ ಒಣಗಲು ಬಿಡಿ. ಬೆರಳಿಟ್ಟು ನೋಡಿ. ಕೆಲವು ಬಿಳಿ ಪುಡಿಯಾಗಿ ಉದುರುತ್ತವೆ, ಕೆಲವು ಹಾಳೆಯಂತೆ ಸುಲಿದು ಬರುತ್ತವೆ, ಕೆಲವು ಜಿಗುಟಾಗಿ ಬೆರಳನ್ನೇ ಹಿಡಿಯುತ್ತವೆ. ತಟ್ಟೆಯ ಮೇಲೆ ಸೋಸಿದ ಒಣ ಮಣ್ಣಿನ ಪುಡಿ ಉದುರಿಸಿ, ಬಗ್ಗಿಸಿ, ಹಿಂಬದಿ ಎರಡು ಸಲ ತಟ್ಟಿ. ಎಲ್ಲಿ ಮಣ್ಣು ನಿಂತಿತೋ ಆ ಬಾಟಲಿ ನಿಮ್ಮ ಕಾರ್ಪೆಟ್ಟಿನಲ್ಲಿಯೂ ಅದನ್ನೇ ಮಾಡುತ್ತದೆ. ‘ತೊಳೆದ ಜಾಗವೇ ಬೇಗ ಕಪ್ಪಾಯ್ತು’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಈ ಜಿಗುಟು. ಮೇಲೆ ಸಾರಿನ ಕಲೆಗೆ ಸಲಹೆ ಮಾಡಿದ ಪಾತ್ರೆ ತೊಳೆಯುವ ದ್ರವವೂ ಇಲ್ಲಿ ಸುಲಭವಾಗಿ ಪಾಸಾಗುವುದಿಲ್ಲ. ಅದಕ್ಕೇ ಕಾಲು ಚಮಚಕ್ಕಿಂತ ಹೆಚ್ಚು ಬೇಡ, ಹಾಕಿದ ಮೇಲೆ ನೀರಿನ ಬಟ್ಟೆಯಿಂದ ಮತ್ತೆ ಮತ್ತೆ ಒತ್ತಿ ತೆಗೆಯಬೇಕು. ಪುಡಿಯಾಗಿ ಒಣಗುವಂತೆ ಪಾಲಿಮರ್ ಸೇರಿಸಿ ಮಾಡಿದ ಕ್ಲೀನರ್‌ಗಳಿವೆ: ಕೊಳೆ ಹರಳಿನೊಳಗೆ ಸಿಕ್ಕಿ, ಮುಂದಿನ ಸಲ ವ್ಯಾಕ್ಯೂಮಿನ ಜೊತೆ ಹೋಗುತ್ತದೆ.

ತಟ್ಟೆಯ ಪರೀಕ್ಷೆ ಮುಗಿದ ಮೇಲೆ ಕಾಲಿನ ಪರೀಕ್ಷೆ. ಕಲೆಯಿಲ್ಲದ ಹೊಸ ತುಂಡುಗಳಿಗೆ ಒಂದೊಂದು ಕ್ಲೀನರ್, ಒಂದಕ್ಕೆ ಬರೀ ನೀರು. ಇನ್ನೊಂದು ಏನೂ ಕಾಣದ್ದು. ಒಣಗಿಸಿ, ಚೀಟಿ ಎತ್ತಿದ ಕ್ರಮದಲ್ಲಿ ರಟ್ಟಿಗೆ ಅಂಟಿಸಿ, ಮುಂಬಾಗಿಲ ಬಳಿ ಎಲ್ಲರೂ ತುಳಿಯುವಲ್ಲಿ ಹಾಸಿ. ದಿನಾ ರಟ್ಟನ್ನು ಹಿಂದುಮುಂದು ತಿರುಗಿಸಿ, ಇಲ್ಲದಿದ್ದರೆ ಅಂಚಿನ ತುಂಡಿಗೆ ಅನ್ಯಾಯ. ಎರಡು ವಾರಕ್ಕೆ ಕೊಳೆಯ ಅಂತರ ಕಾಣತೊಡಗುತ್ತದೆ. ಅಮೆರಿಕದ ಜಾರ್ಜಿಯಾ ರಾಜ್ಯದ ಡಾಲ್ಟನ್, ಕಾರ್ಪೆಟ್ ಗಿರಣಿಗಳಿಗೆ ಹೆಸರಾದ ಊರು. ಅಲ್ಲಿನ ಕಾರ್ಪೆಟ್ ಆಂಡ್ ರಗ್ ಇನ್‌ಸ್ಟಿಟ್ಯೂಟ್ ಕ್ಲೀನರ್‌ಗಳಿಗೆ ಮುದ್ರೆ ಒತ್ತುವ ಮುಂಚೆ ಕೊಳೆ ಎಷ್ಟು ಹೋಯಿತೆಂದು ಎಕ್ಸ್-ಕಿರಣ ಹಾಯಿಸಿ ಅಳೆಯುತ್ತದೆ. ಜೊತೆಗೆ ಮತ್ತೆ ಎಷ್ಟು ಬೇಗ ಕೊಳೆಯಾಗುತ್ತದೆ, ಪಿಎಚ್ ಎಷ್ಟು, ಬಣ್ಣ ಬಿಡುತ್ತದೆಯೇ ಎಂದೂ ನೋಡುತ್ತದೆ. ಎಕ್ಸ್-ಕಿರಣ ಒಂದನ್ನು ಬಿಟ್ಟರೆ ಉಳಿದ ಪ್ರಶ್ನೆಗಳೆಲ್ಲ ನಮ್ಮ ಬಾಗಿಲ ಬಳಿಯೂ ಬಗೆಹರಿಯುವಂಥವು.

ಅವರು ನೋಡುವ ಇನ್ನೊಂದು ಸಂಗತಿ, ಹೊಳಪು ಕೊಡುವ ರಾಸಾಯನಿಕ. ಕೆಲವು ಬಟ್ಟೆ ಸೋಪಿನ ಪುಡಿಗಳು ಕೊಳೆ ತೆಗೆಯುವುದರ ಜೊತೆಗೆ, ಅತಿನೇರಳೆ ಕಿರಣ ಹೀರಿ ನೀಲಿ ಬೆಳಕು ಹೊಮ್ಮಿಸುವ ಲೇಪವನ್ನೂ ನೂಲಿಗೆ ಹಚ್ಚುತ್ತವೆ. ಹಳದಿಗಟ್ಟಿದ್ದು ಬೆಳ್ಳಗೆ ಕಾಣುತ್ತದೆ, ಕೊಳೆ ಇದ್ದಲ್ಲೇ ಇರುತ್ತದೆ. ನೋಟು ಪರೀಕ್ಷಿಸುವ ನೇರಳೆ ಟಾರ್ಚು ಇದನ್ನು ಬಯಲು ಮಾಡುತ್ತದೆ. ಬಿಳುಪು ಮಾಡದ ಖಾದಿ ಬಟ್ಟೆಗೆ ಕ್ಲೀನರ್ ಹಚ್ಚಿ ಒಣಗಿಸಿ, ದೀಪ ಆರಿಸಿ ಟಾರ್ಚು ಬಿಡಿ. ನೀಲಿಯಾಗಿ ಮಿಂಚಿದರೆ ಬಿಳುಪಿನ ಅಂಕದಲ್ಲಿ ಒಂದು ಪಾಲು ಬರೀ ಮೇಕಪ್ಪು. ಬಿಳಿ ಕಾಗದದ ಮೇಲೆ ಈ ಪರೀಕ್ಷೆ ನಡೆಯದು, ಕಾಗದಕ್ಕೇ ಅಂಥದ್ದು ಹಾಕಿರುತ್ತಾರೆ.

ಹೊಸ ಕಾರ್ಪೆಟ್ಟಾದರೆ ತೊಳೆಯುವ ಮುಂಚೆ ಮತ್ತು ಆಮೇಲೆ ಒಂದು ಹನಿ ನೀರು ಇಟ್ಟು ನೋಡುವುದೂ ಉಂಟು. 1953ರಲ್ಲಿ 3ಎಂ ಕಂಪನಿಯ ಪ್ರಯೋಗಾಲಯದಲ್ಲಿ ಫ್ಲೋರಿನ್ ಇರುವ ದ್ರವವೊಂದು ಸಹಾಯಕಿಯ ಬೂಟಿನ ಮೇಲೆ ಚೆಲ್ಲಿತು. ಆ ಜಾಗಕ್ಕೆ ಕೊಳೆಯೇ ಹತ್ತದ್ದನ್ನು ಅಲ್ಲಿನ ರಸಾಯನಶಾಸ್ತ್ರಜ್ಞೆ ಪ್ಯಾಟ್ಸಿ ಶೆರ್ಮನ್ ಗಮನಿಸಿದರು. ಕಲೆ ತಡೆಯುವ ಲೇಪಗಳ ವ್ಯಾಪಾರ ಅಲ್ಲಿಂದ ಬೆಳೆಯಿತು. ಅದರ ಹಿಂದಿದ್ದ ರಾಸಾಯನಿಕ ಪರಿಸರದಲ್ಲಿ ವಿಘಟನೆಯಾಗದೆ ಉಳಿಯುತ್ತದೆಂದು ತಿಳಿದು ಕಂಪನಿ 2000ದಲ್ಲಿ ಅದನ್ನು ಕೈಬಿಡುವುದಾಗಿ ಘೋಷಿಸಿತು. ಲೇಪ ಇದ್ದರೆ ಹನಿ ದುಂಡಗೆ ನಿಲ್ಲುತ್ತದೆ. ತೊಳೆದ ಮೇಲೆ ಹನಿ ಇಂಗಿಹೋದರೆ, ಕ್ಲೀನರ್ ಲೇಪವನ್ನು ಕಿತ್ತಿದೆ ಅಥವಾ ತನ್ನ ಸೋಪನ್ನು ಅಲ್ಲಿ ಬಿಟ್ಟುಹೋಗಿದೆ. ಉಣ್ಣೆಯ ಮೇಲೆ ಹನಿ ಲೇಪವಿಲ್ಲದೆಯೂ ಸ್ವಲ್ಪ ಹೊತ್ತು ನಿಲ್ಲುತ್ತದೆ, ಆದ್ದರಿಂದ ಮುಂಚೆ ನೋಡಿದ್ದನ್ನು ಬರೆದಿಟ್ಟುಕೊಂಡಿರಬೇಕು.

ಸಂಜೆ ಮಾಯವಾದ ಕಲೆ ಬೆಳಿಗ್ಗೆ ಮತ್ತೆ ಮೂಡಿದರೆ ಬಾಟಲಿಯನ್ನು ಬೈಯಬೇಡಿ. ದ್ರವ ಹಾಸಿನ ಬುಡಕ್ಕೆ ಇಳಿದಿರುತ್ತದೆ. ನೂಲಿನ ತುದಿಯಲ್ಲಿ ನೀರು ಆರುತ್ತ ಹೋದಂತೆ ಕೆಳಗಿನದು ಮೇಲಕ್ಕೆ ಏರುತ್ತದೆ, ಬಣ್ಣವನ್ನೂ ಹೊತ್ತು ತರುತ್ತದೆ. ರಾತ್ರಿಯಿಡೀ ಮಡಿಸಿದ ಬಟ್ಟೆಯ ಮೇಲೆ ಅದೇ ಒಂದು ಲೀಟರಿನ ಬಾಟಲಿ ನಿಲ್ಲಿಸಿದರೆ ಏರಿದ ಬಣ್ಣ ನೂಲಿಗೆ ಬದಲು ಬಟ್ಟೆಗೆ ಹೋಗುತ್ತದೆ. ಎಂಟು ತುಂಡುಗಳ ತೀರ್ಪನ್ನು ಮರುದಿನವೇ ಕೇಳಬೇಕು ಎನ್ನುವುದು ಇದಕ್ಕೇ.

ಗೆದ್ದ ಬಾಟಲಿ ಯಾವುದೆಂದು ಗೊತ್ತಾದ ಮೇಲೆ ಅದನ್ನು ಅದರ ಜೊತೆಗೇ ಸ್ಪರ್ಧೆಗೆ ಬಿಡಿ: ಲೇಬಲ್ ಹೇಳಿದ ಪ್ರಮಾಣ, ಅದರ ಅರ್ಧ, ಕಾಲು, ಕೊನೆಗೆ ನೀರು. ಪೂರ್ತಿಗೂ ಅರ್ಧಕ್ಕೂ ವ್ಯತ್ಯಾಸ ಕಾಣದಿದ್ದರೆ ಅರ್ಧವೇ ನಿಮ್ಮ ಪ್ರಮಾಣ. ದುಡ್ಡೂ ಅರ್ಧ, ನೂಲಿನಲ್ಲಿ ಉಳಿಯುವ ಜಿಗುಟೂ ಕಡಿಮೆ. ಈ ಫಲಿತಾಂಶ ಎಲ್ಲ ಕಾಲಕ್ಕೂ ಸಲ್ಲುತ್ತದೆ ಎಂದುಕೊಳ್ಳಬೇಡಿ. ಕೊಳವೆಬಾವಿಯ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಮಾನ್ಯ ಸೋಪನ್ನು ನೊರೆಯಾಗಲು ಬಿಡದೆ ಬಿಳಿ ಗಸಿಯಾಗಿಸುತ್ತವೆ; ಡಿಟರ್ಜೆಂಟುಗಳಿಗೂ ಒಂದಿಷ್ಟು ಪೆಟ್ಟು ಕೊಡುತ್ತವೆ. ಕಾವೇರಿ ನೀರಿನಲ್ಲಿ ಗೆದ್ದ ಕಾಲು ಪ್ರಮಾಣ ಬೇಸಿಗೆಯ ಟ್ಯಾಂಕರ್ ನೀರಿನಲ್ಲಿ ಸೋಲಬಹುದು. ಮುಚ್ಚಳವಿರುವ ಬಾಟಲಿಯಲ್ಲಿ ಅರ್ಧ ನೀರು, ಒಂದು ಚೂರು ಸೋಪು ಹಾಕಿ ಕುಲುಕಿ ನೋಡಿ; ನೊರೆ ನಿಲ್ಲದೆ ನೀರು ಹಾಲುಹಾಲಾದರೆ ಆ ವಾರ ಪ್ರಮಾಣದ ಪರೀಕ್ಷೆಯನ್ನು ಹೊಸದಾಗಿ ಮಾಡಬೇಕು.